ಸಹಾಯ ಬೇಕು: ಒಂಬತ್ತನೇ ಕ್ಲಾಸಿನ ಹುಡುಗಿಗೆ ಒಂದು ಕನ್ನಡ ಕಾದಂಬರಿ

ಎಲ್ಲರಿಗೂ ನಮಸ್ಕಾರ. ಬನಶಂಕರಿಯಲ್ಲಿರುವ ಅಕ್ಕನ ಮಗಳಿಗೆ ಪುಸ್ತಕ ಹುಡುಕುತ್ತಿದ್ದೇನೆ. ತನ್ನನ್ನು ಯಾರೂ ಗಮನಿಸುವುದೇ ಇಲ್ಲ ಎಂದು ಕೊರಗುವ, ಹೇಗಾದರೂ ನಾಲ್ಕು ಜನ ತಿರುಗಿ ನೋಡಲಿ ಎಂದು ಆಸೆಪಡುವ ಹುಡುಗ ಅಥವಾ ಹುಡುಗಿಯ ಕಥೆ ಇರಬೇಕು.

ಇವಳೂ ಹಾಗೇ. ಸ್ಟೇಟಸ್‌ಗೆ ಫೋಟೊ ಹಾಕಿ, ಯಾರ್ಯಾರು ನೋಡಿದರು ಎಂದು ಊಟದ ಮಧ್ಯೆ ಎಡಗೈಯಲ್ಲಿ ಫೋನ್ ತೆಗೆಯುತ್ತಾಳೆ. ಕ್ಲಾಸಿನ ಗ್ರೂಪ್ ಫೋಟೊ ಅಂದರೆ ಮಾತ್ರ, ಮೊಡವೆ ಕಾಣದ ಹಾಗೆ ಯಾರದ್ದಾದರೂ ಹೆಗಲ ಹಿಂದೆ ನಿಲ್ಲುತ್ತಾಳೆ!

ಅಂಗಡಿಯಲ್ಲಿ ಕೇಳಿದರೆ ಪುಟಾಣಿಗಳ ಕಥೆ ತೋರಿಸುತ್ತಾರೆ, ಇಲ್ಲವೇ ವ್ಯಕ್ತಿತ್ವ ವಿಕಸನದ ಪುಸ್ತಕ. ಎರಡೂ ಬೇಡ. ಕನ್ನಡಕ ತೆಗೆದು ಕೂದಲು ಬಿಟ್ಟ ತಕ್ಷಣ ಎಲ್ಲ ಸರಿಹೋಗುವ ಕಥೆಯೂ ಬೇಡ, ಅಂಥದ್ದು ಸಿನಿಮಾದಲ್ಲೇ ಜಾಸ್ತಿ ಆಯ್ತು ಅಲ್ವಾ?

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಅದರಲ್ಲಿ ಬಂದ ಕನ್ನಡ ಪುಸ್ತಕಗಳಲ್ಲಿ ಈ ವಯಸ್ಸಿಗೆ ಹೊಂದುವುದು ಯಾವುದಾದರೂ ಓದಿದ್ದೀರಾ? ಅನುವಾದವಾದರೂ ನಡೆಯುತ್ತದೆ. ಇನ್ನೂರು ಪುಟ ದಾಟದಿದ್ದರೆ ಒಳ್ಳೆಯದು, ದಪ್ಪ ಕಂಡರೆ ಮುಟ್ಟುವುದಿಲ್ಲ.

ಶನಿವಾರ ಗಾಂಧಿ ಬಜಾರ್, ಅವೆನ್ಯೂ ರಸ್ತೆ ಎರಡೂ ಕಡೆ ಹೋಗುತ್ತೇನೆ. ಅಷ್ಟರೊಳಗೆ ಪುಸ್ತಕದ ಹೆಸರು, ಪ್ರಕಾಶನ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.