ಸಾರ್ಕಾಯಿಡೋಸಿಸ್ ಇರುವವರಿಗೆ ದವಡೆ ನೋವು: ಕಾರಣ ಏನಿರಬಹುದು?

ಪ್ರಶ್ನೆ:
ನನಗೆ ಶ್ವಾಸಕೋಶದ ಸಾರ್ಕಾಯಿಡೋಸಿಸ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು ಬೆಳೆಯುವ ಕಾಯಿಲೆ) ಇದೆ. ಮೂರು ವಾರಗಳಿಂದ ಬಲದವಡೆಯಲ್ಲಿ, ಕಿವಿಯ ಮುಂಭಾಗದಲ್ಲಿ ನೋವಿದ್ದು, ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಅದು ಬಿಗಿದುಕೊಂಡಂತೆ ಹೆಚ್ಚುತ್ತದೆ. ಹಲ್ಲಿನ ಎಕ್ಸ್‌ರೇಯಲ್ಲಿ ದೋಷವೇನೂ ಕಾಣಲಿಲ್ಲ. ಎರಡಕ್ಕೂ ಸಂಬಂಧವಿರಬಹುದೇ?

ಉತ್ತರ 1:
ಖಂಡಿತ ಇರಬಹುದು. ತುತ್ತು ಬಾಯಿಗಿಟ್ಟಾಗ ಹೆಚ್ಚುವ ನೋವೆಂದರೆ ನನಗೆ ಮೊದಲು ಅನುಮಾನ ಬರುವುದು ಕಿವಿಯ ಮುಂದಿರುವ ಪರೋಟಿಡ್ ಜೊಲ್ಲುಗ್ರಂಥಿಯ ಮೇಲೆ. ಸಾರ್ಕಾಯಿಡೋಸಿಸ್‌ನ ಗ್ರಾನ್ಯುಲೋಮಾಗಳು, ಅಂದರೆ ಆ ಸಣ್ಣ ಗಂಟುಗಳು, ಅಲ್ಲಿಯೂ ಬೆಳೆದು ಊತ ತರಬಲ್ಲವು, ಆದರೆ ಆ ಊತ ಅನೇಕರಲ್ಲಿ ಎರಡೂ ಬದಿಗೆ ಇದ್ದು ನೋವಿಲ್ಲದೆಯೂ ಇರುತ್ತದೆ. ಜೊತೆಗೆ ಜ್ವರ, ಕಣ್ಣಿನ ಉರಿಯೂತ, ಮುಖದ ಒಂದು ಬದಿಯ ದೌರ್ಬಲ್ಯ ಕಂಡರೆ ಅದು 1909ರಲ್ಲಿ ಡೆನ್ಮಾರ್ಕಿನ ನೇತ್ರವೈದ್ಯ ಹೀರ್‌ಫೋರ್ಟ್ ವಿವರಿಸಿದ ಸಿಂಡ್ರೋಮ್ ಆಗಿರಬಹುದಾದ್ದರಿಂದ, ದಯವಿಟ್ಟು ತಡಮಾಡಬೇಡಿ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗಿದರೆ ಹಲ್ಲು ಹುಳುಕಾಗುವುದೂ ಉಂಟು.

ಉತ್ತರ 2:
ಕರೆಂಟ್ ಹೊಡೆದಂತೆ ನೋವು ಅಥವಾ ಗಲ್ಲದಲ್ಲಿ ಮರಗಟ್ಟುವಿಕೆ ಇದ್ದರೆ ಮುಖದ ಸ್ಪರ್ಶ, ನೋವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರವನ್ನು ಪರೀಕ್ಷಿಸಬೇಕು, ಎಂಆರ್‌ಐ ಬೇಕಾಗಬಹುದು. ಔಷಧಿಯೂ ಕಾರಣವಿರಬಹುದು ಎಂಬುದನ್ನು ಮರೆಯಬೇಡಿ. ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್‌ನಿಂದ ಸವೆದ ಮೂಳೆಗೆಂದು ಅಲೆಂಡ್ರೊನೇಟ್‌ನಂಥ ಮಾತ್ರೆ ನುಂಗುವವರಲ್ಲಿ, ವಿರಳವಾಗಿಯಾದರೂ, ದವಡೆಮೂಳೆಯ ಒಂದು ಭಾಗ ಸಾಯಬಹುದು, ಅದರಲ್ಲೂ ಹಲ್ಲು ಕೀಳಿಸಿದ ಮೇಲೆ. ದಂತವೈದ್ಯರಿಗೆ ಎಲ್ಲ ಔಷಧಿಗಳ ಹೆಸರನ್ನೂ ಹೇಳಿ.

ಉತ್ತರ 3:
ನಡೆದಾಗ ಹೆಚ್ಚುವ, ಬೆವರು ಇಲ್ಲವೇ ಎದೆಬಿಗಿತ ಜೊತೆಗಿರುವ ದವಡೆ ನೋವು ಹೃದಯದ್ದಿರಬಹುದು. ಆಗ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಪರೋಟಿಡ್ ಗ್ರಂಥಿ ಊದಿದೆಯೋ ಎಂದು ಕನ್ನಡಿಯಲ್ಲಿ ನೋಡಿಕೊಂಡಾಗ ಬಲಕಿವಿಯ ಹಾಲೆ ಎಡಕ್ಕಿಂತ ತುಸು ಮೇಲೆದ್ದಂತೆ ಕಂಡಿತು. ಇದನ್ನು ನಾಳೆಯೇ ವೈದ್ಯರಿಗೆ ತೋರಿಸುತ್ತೇನೆ.