ಫ್ರೀಜರ್‌ನಲ್ಲಿ ಹೂಕೋಸಿನ ನ್ಯೋಕಿ ಇದೆ, ರಾತ್ರಿ ಊಟಕ್ಕೆ ಏನು ಮಾಡಲಿ?

ಕೇಳಿದವರು, ತುಮಕೂರು

ಬೆಂಗಳೂರಿನಲ್ಲಿರುವ ನನ್ನ ತಮ್ಮ ಹೋದ ವಾರ ಬರುವಾಗ ಫ್ರೋಜನ್ ನ್ಯೋಕಿ ಎರಡು ಪ್ಯಾಕೆಟ್ ತಂದುಕೊಟ್ಟ. ಒಂದು ಹೂಕೋಸಿನದು, ಇನ್ನೊಂದು ಗೆಣಸಿನದು. ಪ್ಯಾಕೆಟ್ ಮೇಲಿನ ಅಕ್ಷರ ಓದಿ ನಾನು ಎರಡು ದಿನ ಅದನ್ನು ‘ಗ್ನೋಚಿ’ ಅಂತಲೇ ಕರೆಯುತ್ತಿದ್ದೆ, ತಮ್ಮ ಫೋನಿನಲ್ಲಿ ನಕ್ಕ ಮೇಲೆ ಗೊತ್ತಾಯಿತು. ಇಟಲಿಯವರ ಅಡುಗೆ. ಹೆಬ್ಬೆರಳ ತುದಿಯಷ್ಟು ಗಾತ್ರದ ಪುಟ್ಟ ಕಡುಬು ಅಂದುಕೊಳ್ಳಿ.

ಮಂಗಳವಾರ ಕೆಲಸ ಮುಗಿಸಿ ಮನೆ ಸೇರಿದಾಗ ಏಳೂವರೆ. ಪಾಸ್ತಾ ಬೇಯಿಸುವ ಹಾಗೆ ಕುದಿಯುವ ನೀರಿಗೆ ಹೂಕೋಸಿನದನ್ನು ಅರ್ಧ ಪ್ಯಾಕೆಟ್ ಸುರಿದು ಎಂಟು ನಿಮಿಷ ಬಿಟ್ಟೆ. ಸೋಸಿದರೆ ಜರಡಿಯಲ್ಲಿ ಉಳಿದಿದ್ದು ಬರೀ ಅಂಟು. ಗೋಡೆಗೆ ಪೋಸ್ಟರ್ ಹಚ್ಚಬಹುದಿತ್ತು. ಮಗಳು ಮುಟ್ಟಲಿಲ್ಲ. ಅತ್ತೆ ಮೆಲ್ಲಗೆ, "ಇಷ್ಟು ಹೊತ್ತಿಗೆ ಎರಡು ಮುದ್ದೆ ಕಟ್ಟಬಹುದಿತ್ತು, ಅಲ್ವಾ?" ಅಂದರು.

ಇನ್ನು ಅರ್ಧ ಪ್ಯಾಕೆಟ್ ಹೂಕೋಸಿನದು, ಒಂದು ಪ್ಯಾಕೆಟ್ ಗೆಣಸಿನದು ಉಳಿದಿದೆ. ಓವನ್ ಇಲ್ಲ. ಗ್ಯಾಸ್, ಕಾವಲಿ, ಬಾಣಲೆ ಇಷ್ಟೇ. ಅರ್ಧ ಗಂಟೆಯೊಳಗೆ ಆಗಬೇಕು, ಮನೆಯವರು ತಿನ್ನಬೇಕು. ಮಾಡಿ ನೋಡಿದವರು ಹೇಳಿ.

ಚಿಕ್ಕಬಳ್ಳಾಪುರದಿಂದ

ನೀವು ಒಂದು ಸಲ ಮಾಡಿದ ತಪ್ಪನ್ನು ನಾನು ಎರಡು ಸಲ ಮಾಡಿದ್ದೇನೆ. ಎರಡನೇ ಸಲ ನೀರು ಕಮ್ಮಿ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಇನ್ನೂ ಕೆಟ್ಟಿತು.

ಮೊದಲು ಪ್ಯಾಕೆಟ್ ತಿರುಗಿಸಿ ಹಿಂದೆ ಬರೆದಿರುವುದನ್ನು ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರುತ್ತದೆ. ನನಗೆ ಸಿಕ್ಕಿದ್ದರಲ್ಲಿ ಹೂಕೋಸು, ಆಮೇಲೆ ಮರಗೆಣಸಿನ ಹಿಟ್ಟು, ಆಲೂಗಡ್ಡೆ ಪಿಷ್ಟ, ಎಣ್ಣೆ, ಉಪ್ಪು ಅಂತ ಇತ್ತು. ಮೈದಾ ಇರಲಿಲ್ಲ. ಅಂದರೆ ಉಂಡೆ ಬಿಡದ ಹಾಗೆ ಹಿಡಿದಿಡುವುದಕ್ಕೆ ಗೋಧಿಯ ಜಿಗುಟು ಇಲ್ಲ, ಬರೀ ಪಿಷ್ಟ. ಸಬ್ಬಕ್ಕಿ ಮಾಡುವುದೂ ಮರಗೆಣಸಿನಿಂದಲೇ. ಸಬ್ಬಕ್ಕಿ ಜಾಸ್ತಿ ನೆನೆದರೆ ಕಿಚಡಿ ಬಾಣಲೆಯಲ್ಲಿ ಒಂದೇ ಗಡ್ಡೆಯಾಗಿ ಕೂರುತ್ತದಲ್ಲ, ನಿಮ್ಮ ಜರಡಿಯಲ್ಲಿ ಆಗಿದ್ದೂ ಅದೇ. ಪಿಷ್ಟ ಬಿಸಿನೀರು ಕುಡಿದು ಉಬ್ಬಿ ಗಂಜಿಯಾಯಿತು. ಜೊತೆಗೆ ನೂರು ಗ್ರಾಂ ಹೂಕೋಸಿನಲ್ಲಿ ಸುಮಾರು 92 ಗ್ರಾಂ ನೀರೇ ಇರುತ್ತದೆ. ಅದಕ್ಕೆ ಮತ್ತೆ ನೀರು ಕುಡಿಸುವುದಲ್ಲ, ಇರುವ ನೀರನ್ನು ಓಡಿಸಬೇಕು.

ಅಮೆರಿಕದಲ್ಲಿ ಟ್ರೇಡರ್ ಜೋಸ್ ಅನ್ನುವ ಅಂಗಡಿಯವರು 2018ರಲ್ಲಿ ಹೂಕೋಸಿನ ನ್ಯೋಕಿ ತಂದಾಗ ಅಲ್ಲಿಯ ಜನ ಕೂಡ ಇದೇ ಪಾಠ ಕಲಿತರಂತೆ. ಬಾಣಲೆಗೆ ನೀರು ಹಾಕಿ ಬೇಯಿಸುವುದನ್ನು ಬಿಟ್ಟು, ಎಣ್ಣೆ ಸವರಿ ಓವನ್‌ನಲ್ಲಿ ಹುರಿಯುವುದಕ್ಕೆ ಶುರುಮಾಡಿದರು. ಅಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಹೇಳಿದ ಮೇಲೆ ನಾನು ಕಾವಲಿ ಹಿಡಿದೆ.

ಕಬ್ಬಿಣದ ದೋಸೆ ಕಾವಲಿ ಇದ್ದರೆ ಅದೇ ಒಳ್ಳೆಯದು. ನ್ಯೋಕಿಯನ್ನು ಕರಗಿಸಬೇಡಿ, ಫ್ರೀಜರ್‌ನಿಂದ ಸೀದಾ ಕಾವಲಿಗೆ. ಪ್ಯಾಕೆಟ್ ಒಳಗೆ ಹಿಮದ ಪುಡಿ ಕೂತಿದ್ದರೆ ಜರಡಿಗೆ ಹಾಕಿ ಒಂದು ಸಲ ಕೊಡವಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು ಕಾವಲಿ ಕಾದಿರಬೇಕು. ಎರಡು ಚಮಚ ಎಣ್ಣೆ. ಕಡಲೆಕಾಯಿ ಎಣ್ಣೆ ಸಾಕು, ಆಲಿವ್ ಎಣ್ಣೆಯೇ ಆಗಬೇಕು ಅಂತೇನಿಲ್ಲ. ಒಂದಕ್ಕೊಂದು ತಗಲದ ಹಾಗೆ ಹರಡಿ, ಒಂದು ಸರದಿಗೆ ಇಪ್ಪತ್ತೈದರ ಮೇಲೆ ಬೇಡ. ಮುಚ್ಚಳ ಮುಚ್ಚಬೇಡಿ.

ಇನ್ನು ಮೊದಲ ನಾಲ್ಕೈದು ನಿಮಿಷ ಮುಟ್ಟಬಾರದು. ಇದೇ ಕಷ್ಟ, ನಮ್ಮ ಕೈ ಸುಮ್ನೆ ಇರುವುದಿಲ್ಲ. ಎರಡನೇ ನಿಮಿಷಕ್ಕೆ ಎಲ್ಲ ಮೆತ್ತಗಾಗಿ, ನೀರು ಬಿಟ್ಟುಕೊಂಡು, ಕೆಟ್ಟೇಹೋಯಿತು ಅನ್ನಿಸುತ್ತದೆ. ಆಗ ಕೆದಕಿದಿರೋ, ಮಂಗಳವಾರದ ಅಂಟು ಮತ್ತೆ ಗ್ಯಾರಂಟಿ. ಕಿವಿಕೊಟ್ಟು ಕೇಳಿ. ಮೊದಲು ಬುಸ್ ಬುಸ್ ಅಂತ ಹಬೆಯ ಶಬ್ದ ಬರುತ್ತಿರುತ್ತದೆ. ಅದು ಇಳಿದು ಚಟಪಟ ಶುರುವಾದಾಗ ನೀರು ಹೋಯಿತು ಅಂತ ಅರ್ಥ. ಆಗ ಮಗುಚುವ ಕೈಯನ್ನು ತಳಕ್ಕೆ ನೂಕಿ ಒಂದೊಂದೇ ತಿರುಗಿಸಿ. ತಳ ಕಂದು ಬಣ್ಣಕ್ಕೆ ಬಂದಿರುತ್ತದೆ, ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದಿದ್ದರೆ ಇನ್ನೂ ಒಂದು ನಿಮಿಷ ಕಾಯಿರಿ. ಆಚೆ ಬದಿಗೆ ಮೂರು ನಿಮಿಷ. ಒಂದು ಸರದಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಗೊಜ್ಜು. ನಾಟಿ ಟೊಮೆಟೊ ನಾಲ್ಕು, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಒಣಮೆಣಸಿನಕಾಯಿ ಎರಡು, ಉಪ್ಪು, ಚಿಟಿಕೆ ಬೆಲ್ಲ. ಸಾಸಿವೆ, ಅರಿಶಿನ ಹಾಕಬೇಡಿ. ಹಾಕಿದರೆ ಅದು ಚಿತ್ರಾನ್ನದ ದಾರಿ ಹಿಡಿಯುತ್ತದೆ. ಎಣ್ಣೆ ಬಿಡುವವರೆಗೆ ಗಟ್ಟಿ ಮಾಡಿ. ತಟ್ಟೆಗೆ ಗೊಜ್ಜು ಮೊದಲು, ನ್ಯೋಕಿ ಅದರ ಮೇಲೆ. ಬಾಣಲೆಯಲ್ಲೇ ಕಲಸಿಟ್ಟರೆ ಐದು ನಿಮಿಷಕ್ಕೆ ಗರಿಗರಿ ಎಲ್ಲ ಹೋಯಿತು.

ಗೆಣಸಿನ ಪ್ಯಾಕೆಟ್‌ಗೆ ಬೇರೆ ಲೆಕ್ಕ. ಅದರಲ್ಲಿ ಮೈದಾ ಅಥವಾ ಗೋಧಿ ಇದ್ದರೆ ಕುದಿಯುವ ನೀರನ್ನು ತಡೆಯುತ್ತದೆ. ಹಾಕಿ, ಮೇಲೆ ತೇಲಿದ ಕೂಡಲೇ ತೆಗೆಯಿರಿ, ಎರಡು ಮೂರು ನಿಮಿಷ ಅಷ್ಟೇ. ಎಂಟು ನಿಮಿಷ ಯಾವುದಕ್ಕೂ ಬೇಡ. ಕಾವಲಿಯಲ್ಲೇ ಮಾಡುವುದಾದರೆ ಉರಿ ಸಣ್ಣದಿರಲಿ, ಗೆಣಸಿನ ಸಿಹಿ ಬೇಗ ಸೀಯುತ್ತದೆ.

ಕೋಲಾರದಿಂದ

ಮೇಲಿನ ಅಕ್ಕ ಹೇಳಿದ್ದು ಸರಿ, ಆದರೆ ಒಂದೊಂದೇ ತಿರುಗಿಸುವ ತಾಳ್ಮೆ ನನಗಿಲ್ಲ. ನಾನು ಪಡ್ಡು ಹಂಚಿನಲ್ಲಿ ಮಾಡುತ್ತೇನೆ. ಪ್ರತಿ ಗುಳಿಗೆ ಕಾಲು ಚಮಚ ಎಣ್ಣೆ, ಎರಡೆರಡು ನ್ಯೋಕಿ. ಒಂದಕ್ಕೊಂದು ಅಂಟಿದರೂ ಚಿಂತೆಯಿಲ್ಲ, ಜೋಡಿಯಾಗಿಯೇ ಹೊರಳಿಸುತ್ತೇನೆ. ಗುಳಿಯ ಸುತ್ತಲೂ ಶಾಖ ಇರುವುದರಿಂದ ಬದಿಯೂ ಕೆಂಪಾಗುತ್ತದೆ. ಹನ್ನೆರಡು ಗುಳಿಯ ಹಂಚಿಗೆ ಒಂದು ಸಲಕ್ಕೆ ಇಪ್ಪತ್ತನಾಲ್ಕು ಹಿಡಿಯುತ್ತದೆ.

ಈ ದಾರಿ ಸಿಕ್ಕಿದ್ದು ಕರೆಂಟಿನ ದೆಸೆಯಿಂದ. ಹೋದ ಬೇಸಿಗೆಯಲ್ಲಿ ಒಂದು ದಿನ ಮಧ್ಯಾಹ್ನ ಹೋದ ಕರೆಂಟ್ ರಾತ್ರಿ ಬಂತು. ಫ್ರೀಜರ್ ತೆಗೆದು ನೋಡಿದರೆ ಪ್ಯಾಕೆಟ್ ಪೂರ್ತಿ ಮೆತ್ತಗಾಗಿ ಒಂದೇ ಇಟ್ಟಿಗೆ. ಮುಟ್ಟಿದರೆ ಇನ್ನೂ ತಣ್ಣಗಿತ್ತು, ಹಾಗಾಗಿ ಎಸೆಯಲು ಮನಸ್ಸು ಬರಲಿಲ್ಲ. ಮತ್ತೆ ಫ್ರೀಜ್ ಮಾಡುವ ಗೋಜಿಗೆ ಹೋಗದೆ ಆಗಲೇ ಹಸಿಮೆಣಸಿನಕಾಯಿ, ಈರುಳ್ಳಿ, ಎರಡು ಚಮಚ ಅಕ್ಕಿಹಿಟ್ಟು ಹಾಕಿ ಕಲಸಿ, ಪಡ್ಡು ಹಂಚಿಗೆ ಉಂಡೆ ಮಾಡಿ ಹಾಕಿದೆ. ಅದನ್ನು ನ್ಯೋಕಿ ಅಂತ ಇಟಲಿಯವರು ಒಪ್ಪಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಒಂದೂ ಉಳಿಯಲಿಲ್ಲ.

ದೇಶದ ದೊಡ್ಡ ಟೊಮೆಟೊ ಮಂಡಿಗಳಲ್ಲಿ ಒಂದು ನಮ್ಮೂರಲ್ಲೇ ಇದೆ, ಆದರೂ ಹೇಳುತ್ತೇನೆ: ಇದಕ್ಕೆ ಟೊಮೆಟೊ ಬೇಡ. ಇಟಲಿಯಲ್ಲಿ ಬೆಣ್ಣೆ ಕಾಯಿಸಿ ಅದಕ್ಕೆ ಸೇಜ್ ಅನ್ನುವ ಸೊಪ್ಪು ಹಾಕಿ ನ್ಯೋಕಿ ಮೇಲೆ ಹುಯ್ಯುವ ರೂಢಿ ಇದೆ. ನಮಗೆ ಆ ಸೊಪ್ಪು ಎಲ್ಲಿಂದ ಬರಬೇಕು? ಬೆಣ್ಣೆಗೆ ಎರಡು ಕಡ್ಡಿ ಕರಿಬೇವು ಹಾಕಿ. ಬೆಣ್ಣೆಯ ನೊರೆ ಇಳಿದು ತಳದಲ್ಲಿ ಕಂದು ಕಣ ಕಾಣಿಸಿದಾಗ ಒಲೆ ಆರಿಸಿ. ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ. ಹುಚ್ಚೆಳ್ಳಿನ ಸಣ್ಣ ಕಹಿಗೂ ಗೆಣಸಿನ ಸಿಹಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಮಕ್ಕಳಿಗೆ ಖಾರ ಆದರೆ ಶೇಂಗಾ ಪುಡಿ.

ವಸಂತನರಸಾಪುರದಲ್ಲಿ ಕೆಲಸ, ತುಮಕೂರಲ್ಲಿ ರೂಮು

ನಾನು ಒಬ್ಬನೇ ಇರುವವನು. ಎರಡನೇ ಶಿಫ್ಟ್ ಮುಗಿಸಿ ಬಂದರೆ ಅನ್ನಕ್ಕೆ ಇಡುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಈ ಪ್ಯಾಕೆಟ್ ಒಂದು ಸಲ ತಂದು ನೋಡಿದೆ. ಊರಿಂದ ಅಮ್ಮ ಕಳಿಸಿದ್ದ ಬಸ್ಸಾರು ಇತ್ತು. ನ್ಯೋಕಿ ಹುರಿದು ಬಸ್ಸಾರಿಗೆ ಅದ್ದಿಕೊಂಡು ತಿಂದೆ. ರುಚಿ ಚೆನ್ನಾಗಿತ್ತು. ಒಂದೇ ಎಚ್ಚರಿಕೆ, ಬಸ್ಸಾರು ಕಂಡ ಅಭ್ಯಾಸದಲ್ಲಿ ಮುದ್ದೆ ನುಂಗಿದ ಹಾಗೆ ನುಂಗಲು ಹೋಗಬೇಡಿ. ಹೊರಗೆ ಗಟ್ಟಿ, ಒಳಗೆ ಸುಡು ಸುಡು. ಅಗಿಯಬೇಕು. ನನ್ನ ಗಂಟಲು ಎರಡು ದಿನ ಉರಿಯಿತು.

ಸಾರಿನೊಳಗೆ ಹಾಕಿ ಕುದಿಸಲೂ ಬೇಡಿ. ಕರಗಿ ಸಾರೇ ಗಂಜಿಯಾಗುತ್ತದೆ.

ದುಡ್ಡಿನ ವಿಚಾರ ಯಾರೂ ಹೇಳಲಿಲ್ಲ. ಅರ್ಜೆಂಟೀನಾದಲ್ಲಿ ಪ್ರತಿ ತಿಂಗಳ 29ಕ್ಕೆ ನ್ಯೋಕಿ ತಿನ್ನುವ ಪದ್ಧತಿ ಇದೆ. ಸಂಬಳಕ್ಕೆ ಮುಂಚಿನ ದಿನಗಳಲ್ಲಿ ಆಲೂಗಡ್ಡೆ, ಹಿಟ್ಟು ಬಿಟ್ಟರೆ ಮನೆಯಲ್ಲಿ ಏನಿರುತ್ತದೆ? ತಟ್ಟೆ ಕೆಳಗೆ ಒಂದು ನೋಟು ಇಟ್ಟುಕೊಂಡು ತಿನ್ನುತ್ತಾರೆ, ಮುಂದಿನ ತಿಂಗಳು ಕೈಯಲ್ಲಿ ಕಾಸು ಆಡಲಿ ಅಂತ. ನಮ್ಮಲ್ಲಿ ಉಲ್ಟಾ. ಈ ಫ್ರೋಜನ್ ಪ್ಯಾಕೆಟ್ ಬೆಲೆ ನೋಡಿದರೆ ಸಂಬಳ ಬಂದ ದಿನವೇ ತರಬೇಕು. 29ಕ್ಕೆ ನನ್ನ ತಟ್ಟೆ ಕೆಳಗೆ ಇಡೋಕೂ ನೋಟು ಇರುವುದಿಲ್ಲ.

ಚಿಂತಾಮಣಿಯಿಂದ

ಅದಕ್ಕೇ ಮಗಾ, ಮನೆಯಲ್ಲೇ ಮಾಡಿ ಫ್ರೀಜರ್‌ಗೆ ಹಾಕಿಕೊಳ್ಳಬೇಕು. ನನ್ನ ಸೊಸೆ ಕಲಿಸಿದ್ದು, ಈಗ ಅವಳಿಗಿಂತ ನನ್ನದೇ ಚೆನ್ನಾಗಿ ಬರುತ್ತದೆ.

ಗೆಣಸು ಅರ್ಧ ಕೆಜಿ. ನೀರಲ್ಲಿ ಬೇಯಿಸಬೇಡಿ, ಹಬೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ನೀರಿಗೆ ಹಾಕಿ ಕೂಗಿಸಿದರೆ ಗೆಣಸು ನೀರು ಕುಡಿಯುತ್ತದೆ. ನೀರು ಕುಡಿದಷ್ಟೂ ಹಿಟ್ಟು ಜಾಸ್ತಿ ಕೇಳುತ್ತದೆ, ಹಿಟ್ಟು ಜಾಸ್ತಿಯಾದಷ್ಟೂ ರಬ್ಬರ್. ಬೆಂದ ಮೇಲೆ ಸಿಪ್ಪೆ ತೆಗೆದು, ತಟ್ಟೆಯಲ್ಲಿ ಹರಡಿ, ಹಬೆಯಾಡುವುದು ನಿಲ್ಲುವವರೆಗೆ ಬಿಡಿ. ಆಮೇಲೆ ಗಂಟಿಲ್ಲದ ಹಾಗೆ ಕಿವುಚಿ. ಉಪ್ಪು, 150 ಗ್ರಾಂ ಮೈದಾ. ಕೈಗೆ ಅಂಟಿದರೆ ಇನ್ನೊಂದು ಹಿಡಿ. ಚಪಾತಿ ಹಿಟ್ಟಿನ ಹಾಗೆ ನಾದಬಾರದು, ನಾದಿದರೆ ಜಿಗುಟು ಏಳುತ್ತದೆ. ಒಟ್ಟುಗೂಡಿಸಿದರೆ ಸಾಕು. ಕೋಡುಬಳೆಗೆ ಹೊಸೆಯುವ ಹಾಗೆ ಬೆರಳು ದಪ್ಪ ಹೊಸೆದು, ಚಾಕುವಿನಲ್ಲಿ ಇಂಚಿಗೊಂದು ತುಂಡು ಮಾಡಿ. ಫೋರ್ಕಿನ ಬೆನ್ನ ಮೇಲೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಗೆರೆ ಬೀಳುತ್ತದೆ. ಗೊಜ್ಜು ಹಿಡಿಯುವುದಕ್ಕೆ ಆ ಗೆರೆ ಬೇಕು. ಮೊಮ್ಮಕ್ಕಳಿದ್ದರೆ ಆ ಕೆಲಸ ಅವರಿಗೇ ಕೊಡಿ.

ತಟ್ಟೆಗೆ ಹಿಟ್ಟು ಉದುರಿಸಿ, ಬಿಡಿ ಬಿಡಿಯಾಗಿ ಜೋಡಿಸಿ ಎರಡು ಗಂಟೆ ಫ್ರೀಜರ್‌ನಲ್ಲಿಡಿ. ಕಲ್ಲಾದ ಮೇಲೆ ಕವರಿಗೆ ತುಂಬಿ. ಮೊದಲೇ ತುಂಬಿದರೆ ಕೋಲಾರದವರ ಇಟ್ಟಿಗೆಯೇ ಗತಿ.

ಅವರೇಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಗಟ್ಟಿಯಾಗಿ ಮಾಡಿ ಇದರ ಮೇಲೆ ಹಾಕಿಕೊಂಡು ತಿನ್ನಿ. ಉಳಿದ ಮಾತು ಆಮೇಲೆ.

ಕೇಳಿದವರು, ತುಮಕೂರು

ಗುರುವಾರ ರಾತ್ರಿ ಮಾಡಿದೆ. ಹೂಕೋಸಿನದು ಕಾವಲಿಯಲ್ಲಿ, ಗೆಣಸಿನದು ಪಕ್ಕದ ಮನೆಯಿಂದ ತಂದ ಪಡ್ಡು ಹಂಚಿನಲ್ಲಿ. ಎರಡೂ ಒಟ್ಟಿಗೆ ಇಟ್ಟಿದ್ದು ನನ್ನ ಅತಿಯಾಸೆ. ಇಲ್ಲಿ ಚಟಪಟ ಶಬ್ದಕ್ಕೆ ಕಿವಿಕೊಟ್ಟು ನಿಂತಿದ್ದರೆ ಅಲ್ಲಿ ಗೆಣಸಿನದು ಮೊದಲ ಸರದಿ ತಳ ಸೀದು ಕಪ್ಪಾಯಿತು. ಎರಡನೇ ಸರದಿಗೆ ಉರಿ ಪೂರ್ತಿ ಸಣ್ಣ ಮಾಡಿದೆ, ಸರಿಹೋಯಿತು.

ಹೂಕೋಸಿನದು ಎರಡನೇ ನಿಮಿಷಕ್ಕೆ ನೀವು ಹೇಳಿದ ಹಾಗೇ ಹೆದರಿಸಿತು. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಮಗಳು ಒಲೆಯ ಪಕ್ಕ ನಿಂತು ಮೊಬೈಲಿನಲ್ಲಿ ನಿಮಿಷ ಎಣಿಸುತ್ತಿದ್ದಳು. ನಿಜವಾಗಿಯೂ ತಾನಾಗಿಯೇ ಬಿಟ್ಟುಕೊಂಡಿತು. ಒಟ್ಟು ಮೂವತ್ತೈದು ನಿಮಿಷ ಹಿಡಿಯಿತು, ಅರ್ಧ ಗಂಟೆ ಅಲ್ಲ. ಟೊಮೆಟೊ ಗೊಜ್ಜನ್ನು ಬೆಳಿಗ್ಗೆಯೇ ಮಾಡಿಟ್ಟು ಹೋದರೆ ಇಪ್ಪತ್ತಕ್ಕೆ ಆಗುತ್ತದೆ.

ಮಗಳು ಕಾವಲಿಯಿಂದಲೇ ಎತ್ತಿ ಎತ್ತಿ ತಿಂದದ್ದರಿಂದ ತಟ್ಟೆಗೆ ಬಂದದ್ದು ಕಮ್ಮಿ. ಅತ್ತೆ ಹುಚ್ಚೆಳ್ಳು ಪುಡಿ ಹಾಕಿದ್ದನ್ನು ಆರು ತಿಂದು, ಆಮೇಲೆ ಅನ್ನ ಮಜ್ಜಿಗೆ ಊಟ ಮಾಡಿದರು. ಕೆಟ್ಟದ್ದು ಅಂತ ಅನ್ನಲಿಲ್ಲ. ಬೆಳಿಗ್ಗೆ ಎದ್ದವರೇ, "ಆ ಗೆಣಸಿಂದು ನಾವೇ ಮಾಡಬಹುದಂತೆ, ಹೌದಾ?" ಅಂತ ಕೇಳಿದರು. ಭಾನುವಾರಕ್ಕೆ ಒಂದು ಕೆಜಿ ಗೆಣಸು ತಂದಿಟ್ಟಿದ್ದೇನೆ. ಚಿಂತಾಮಣಿ ಅಮ್ಮಾ, ನಮ್ಮ ಮನೆಯಲ್ಲಿರುವುದು ತಟ್ಟೆ ಇಡ್ಲಿ ಪಾತ್ರೆ. ಅದರಲ್ಲಿ ಬೇಯಿಸಿದರೆ ಆಗುತ್ತಾ?

ಚಿಂತಾಮಣಿಯಿಂದ

ಧಾರಾಳವಾಗಿ. ಸಿಪ್ಪೆ ಸಮೇತ ಉದ್ದಕ್ಕೆ ಎರಡು ಸೀಳು ಮಾಡಿ, ಸೀಳಿದ ಮುಖ ಮೇಲೆ ಮಾಡಿ ಇಡಿ. ಇಪ್ಪತ್ತು ನಿಮಿಷ ಆದ ಮೇಲೆ ಕಡ್ಡಿ ಚುಚ್ಚಿ ನೋಡಿ. ಮುಚ್ಚಳ ತೆಗೆಯುವಾಗ ಅದರಲ್ಲಿ ಕೂತ ನೀರು ಗೆಣಸಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.