ಹಳೇ ರೆಸ್ಲಿಂಗ್ ಎಲ್ಲಿಂದ ನೋಡಲು ಶುರು ಮಾಡಬೇಕು? ಅಣ್ಣನ ಮಗಳಿಗೆ ತೋರಿಸಬೇಕು

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. 1998ರಿಂದ ರೆಸ್ಲಿಂಗ್ ನೋಡುತ್ತಿದ್ದೇನೆ. ಆಗ ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ನಾನು ಮತ್ತು ಅಣ್ಣ ಎದುರು ಮನೆಯ ಜಗಲಿಯಲ್ಲಿ ಕೂತು ಕಿಟಕಿಯಿಂದ ನೋಡುತ್ತಿದ್ದೆವು. ಗಾಜು ಒಡೆಯುವ ಸದ್ದು ಬಂತೆಂದರೆ ಸ್ಟೀವ್ ಆಸ್ಟಿನ್ ಬಂದ ಅಂತ ಅರ್ಥ. ಆ ಸದ್ದು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಡಬ್ಲ್ಯೂಡಬ್ಲ್ಯೂಎಫ್ (ಈಗಿನ ಡಬ್ಲ್ಯೂಡಬ್ಲ್ಯೂಇ) ಕಾರ್ಡ್ ಆಡದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್ ಎಲ್ಲ ಬಾಯಿಪಾಠ. ಅದರಲ್ಲಿ 23 ಕಾರ್ಡು ಇನ್ನೂ ನನ್ನ ಹತ್ತಿರ ಬಿಸ್ಕತ್ ಡಬ್ಬಿಯಲ್ಲಿವೆ.

ಈಗ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗಳಿಗೆ 12 ವರ್ಷ. ಈಗಿನ ಕುಸ್ತಿಗಾರ್ತಿ ರಿಯಾ ರಿಪ್ಲಿ ಅಂದರೆ ಪ್ರಾಣ. ಜಾನ್ ಸೀನನ ಹಳೇ ಪಂದ್ಯಗಳನ್ನೂ ಹುಡುಕಿ ನೋಡುತ್ತಾಳೆ. ರಜೆಗೆ ಬಂದವಳು ಆ ಡಬ್ಬಿ ತೆರೆದು, "ಅತ್ತೆ, ಇವರಿಗಿಂತ ಮುಂಚೆ ಯಾರಿದ್ರು?" ಅಂತ ಕೇಳಿದಳು. ನನಗೆ 80ರ ದಶಕದ ಹಲ್ಕ್ ಹೋಗನ್, ಆಂಡ್ರೆ ದ ಜೈಂಟ್ ತನಕ ಗೊತ್ತು. ಅದಕ್ಕಿಂತ ಹಿಂದೆ ಪೂರ್ತಿ ಕತ್ತಲು. 27 ವರ್ಷ ನೋಡಿದ ಆಟದ ಬೇರು ನನಗೇ ಗೊತ್ತಿಲ್ಲವಲ್ಲ ಅಂತ ಬೇಜಾರಾಯಿತು.

ಅವಳ ಇನ್ನೊಂದು ಪ್ರಶ್ನೆ: "ಯಾರು ಗೆಲ್ತಾರೆ ಅಂತ ಮೊದಲೇ ಬರೆದಿಟ್ಟಿರ್ತಾರಂತೆ, ಹೌದಾ?" ಕ್ಲಾಸಿನಲ್ಲಿ ಯಾರೋ ಹೇಳಿ ನಕ್ಕರಂತೆ. ಹೌದು ಅಂತಲೇ ಹೇಳಿದೆ, ಮಕ್ಕಳಿಗೆ ಸುಳ್ಳು ಹೇಳುವುದು ನನಗಾಗದು. ಆದರೆ ಅದಾದ ಮೇಲೆ ಏನು ಹೇಳಬೇಕು ಅಂತ ತೋಚಲಿಲ್ಲ. ನನಗೆ ಈ ಆಟ ಯಾಕೆ ಇಷ್ಟ ಅಂತ ಅವಳಿಗೆ ಅರ್ಥವಾಗಬೇಕು. ಎಲ್ಲಿಂದ ಶುರು ಮಾಡಲಿ? ತಿಳಿದವರು ದಯವಿಟ್ಟು ಹೇಳಿ.

ಗರಡಿಮನೆ (ಮೈಸೂರು):

ತಾಯಿ, ನಮಸ್ಕಾರ. ನನಗೆ 61. ಚಿಕ್ಕಂದಿನಿಂದ ಗರಡಿ ಮಣ್ಣಲ್ಲಿ ಬೆಳೆದವನು. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಎರಡು ಸಲ ನನ್ನ ಹೆಸರು ಕೂಗಿದ್ದಾರೆ. ಟಿವಿಯಲ್ಲಿ ಬರುವ ಈ ರೆಸ್ಲಿಂಗ್ ಕಂಡರೆ ನನಗೆ ಮೊದಲು ಕೋಪ ಬರುತ್ತಿತ್ತು. ಮಗ ನೋಡುತ್ತಿದ್ದರೆ ಟಿವಿ ಆರಿಸಿಬಿಡುತ್ತಿದ್ದೆ. ಒಂದು ದಿನ ಅವನ ಪಕ್ಕ ಕೂತು ಗಮನ ಕೊಟ್ಟು ನೋಡಿದೆ, ಬೀಳುವುದನ್ನು ಮಾತ್ರ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನು ಪೂರ್ತಿ ಒಂದೇ ಸಲಕ್ಕೆ ನೆಲಕ್ಕೆ ತಾಗುವ ಹಾಗೆ, ಕೈ ಅಗಲಿಸಿ ಬೀಳುತ್ತಾರೆ. ಕೆಳಗೆ ಇರುವುದು ಕಬ್ಬಿಣದ ತೊಲೆ, ಅದರ ಮೇಲೆ ಹಲಗೆ, ಮೇಲೆ ತೆಳ್ಳನೆ ಫೋಮ್, ಕ್ಯಾನ್ವಾಸ್ ಬಟ್ಟೆ. ನಮ್ಮ ಮಟ್ಟಿಯ ಮಣ್ಣು ಎಣ್ಣೆ, ಮಜ್ಜಿಗೆ, ಅರಿಶಿನ ಕುಡಿದು ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಅದರ ಮೇಲೇ ಸರಿಯಾಗಿ ಬೀಳಲು ಕಲಿಯುವುದಕ್ಕೆ ನನಗೆ ಎಷ್ಟೋ ತಿಂಗಳು ಹಿಡಿಯಿತು. ಇವರು ಹಲಗೆಯ ಮೇಲೆ ಮತ್ತೆ ಮತ್ತೆ ಬೀಳುತ್ತಾರೆ. ಅವತ್ತಿನಿಂದ ನಾನು ಟಿವಿ ಆರಿಸಲಿಲ್ಲ.

ಮಗುವಿಗೆ ಇಸವಿ ಪ್ರಕಾರ ತೋರಿಸಬೇಡಿ. ನೂರು ವರ್ಷದ ಹಿಂದಿನಿಂದ ಶುರು ಮಾಡಿದರೆ ಪರೀಕ್ಷೆಗೆ ಓದಿದ ಹಾಗಾಗುತ್ತದೆ. ಅವಳಿಗೆ ಗೊತ್ತಿರುವ ಒಂದು ಪಟ್ಟು ಹಿಡಿದು ಹಿಂದಕ್ಕೆ ನಡೆಯಿರಿ. ಸೀನ ಎದುರಾಳಿಯನ್ನು ಬೋರಲು ಮಲಗಿಸಿ, ಕಾಲು ಮಡಚಿ ಸಿಕ್ಕಿಸಿ, ಮುಖಕ್ಕೆ ಕೈ ಹಾಕಿ ಹಿಂದಕ್ಕೆ ಎಳೆಯುತ್ತಿದ್ದನಲ್ಲ, ಎಸ್‌ಟಿಎಫ್ ಅಂತ. ಅದು ಲೂ ಥೆಸ್ ಅನ್ನುವ ಅಮೆರಿಕದ ಕುಸ್ತಿಪಟುವಿನ ಪಟ್ಟು ಅಂತ ಹೇಳುತ್ತಾರೆ. ಅವರು ಅದನ್ನು ಜಪಾನಿನ ಮಾಸಾಹಿರೊ ಚೋನೊಗೆ ಕಲಿಸಿದರು. 1990ರ ಡಿಸೆಂಬರ್ 26ರಂದು ಥೆಸ್ ತಮ್ಮ ಕೊನೆಯ ಪಂದ್ಯ ಆಡಿದ್ದು ಇದೇ ಶಿಷ್ಯನ ಜೊತೆ. ಆಗ ಅವರ ವಯಸ್ಸು 74! ಸೋತದ್ದು ಎಸ್‌ಟಿಎಫ್‌ಗೆ. ತಾನು ಕಲಿಸಿದ ಪಟ್ಟಿಗೆ ತಾನೇ ಸೋತು ಕಣ ಬಿಡುವುದು ಅಂದರೆ, ಗರಡಿಯವನಾದ ನನಗೆ ಅದು ಗುರು ಶಿಷ್ಯನಿಗೆ ಕೊಟ್ಟ ಆಶೀರ್ವಾದದ ಹಾಗೆ ಕಾಣುತ್ತದೆ.

ನಿಮ್ಮ ಆಸ್ಟಿನ್ ಓಡಿ ಬಂದು ಎದೆಯ ಮೇಲೆ ಎಗರಿ ಕೆಡವಿ ಗುದ್ದುತ್ತಿದ್ದನಲ್ಲ, ಅದರ ಹೆಸರೇ ಲೂ ಥೆಸ್ ಪ್ರೆಸ್. ನೀವು ಜಗಲಿಯಲ್ಲಿ ಕೂತು ನೋಡಿದ್ದೂ ಅದೇ ಮನುಷ್ಯನ ಪಟ್ಟು.

ಇನ್ನೂ ಹಿಂದಕ್ಕೆ ಹೋದರೆ ಕಥೆ ನಮ್ಮ ಕಡೆಗೇ ಬರುತ್ತದೆ. 1910ರಲ್ಲಿ ನಮ್ಮ ಗಾಮಾ ಪೈಲ್ವಾನ್ ಲಂಡನ್ನಿಗೆ ಹೋಗಿ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಜೊತೆ ಸೆಣಸಿದರು. ಎರಡೂವರೆ ಗಂಟೆಗಿಂತ ಜಾಸ್ತಿ ನಡೆಯಿತು. ಜ್ಬಿಸ್ಕೊ ಬಹುಪಾಲು ಹೊತ್ತು ಬೋರಲು ಮಲಗಿ ನೆಲ ಕಚ್ಚಿಕೊಂಡಿದ್ದ, ಎಬ್ಬಿಸಲು ಆಗಲೇ ಇಲ್ಲ. ಪಂದ್ಯ ಸಮವಾಯಿತು. ಮುಂದಿನ ವಾರ ಮತ್ತೆ ಇಟ್ಟುಕೊಂಡರೆ ಅವನು ಬರಲೇ ಇಲ್ಲ, ಬೆಲ್ಟ್ ಗಾಮಾಗೆ ಸಿಕ್ಕಿತು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಒಂದು ನಿಮಿಷದೊಳಗೆ ಗಾಮಾ ಚಿತ್ ಮಾಡಿದರು. ಇಷ್ಟು ಕಥೆ ನಮ್ಮ ಗರಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಗೊತ್ತಿಲ್ಲದ್ದು, ಆ ಎರಡು ಪಂದ್ಯಗಳ ನಡುವೆ ಜ್ಬಿಸ್ಕೊ ಅಮೆರಿಕದಲ್ಲಿ ಏನು ಮಾಡಿದ ಅನ್ನುವುದು. 1920ರ ದಶಕದಲ್ಲಿ ಅಲ್ಲಿ ಎಡ್ 'ಸ್ಟ್ರಾಂಗ್ಲರ್' ಲೂಯಿಸ್, ಬಿಲ್ಲಿ ಸ್ಯಾಂಡೊ, ಟೂಟ್ಸ್ ಮಾಂಡ್ಟ್ ಅನ್ನುವ ಮೂವರು ಈ ಆಟವನ್ನೇ ಬದಲಾಯಿಸಿದ್ದರು. ಗಂಟೆಗಟ್ಟಲೆ ನೆಲದ ಮೇಲೆ ಅಂಟಿಕೊಂಡಿರುವ ಕುಸ್ತಿಗೆ ಜನ ಬರುವುದಿಲ್ಲ. ಸಮಯದ ಮಿತಿ ಹಾಕಿದರು, ವೇಗ ತಂದರು, ಯಾರು ಗೆಲ್ಲಬೇಕು ಅಂತ ತಾವೇ ನಿರ್ಧರಿಸಿ ತಂಡ ಕಟ್ಟಿಕೊಂಡು ಊರೂರು ಸುತ್ತಿದರು. ನಾಟಕ ಕಂಪನಿಯ ಹಾಗೆ. 1925ರ ಜನವರಿಯಲ್ಲಿ ವೇಯ್ನ್ ಮನ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಆಟಗಾರನನ್ನು ಚಾಂಪಿಯನ್ ಮಾಡಿದರು. ಆಜಾನುಬಾಹು, ಹೆಸರು ಇತ್ತು, ಟಿಕೆಟ್ ಹೋಗುತ್ತಿತ್ತು. ಕುಸ್ತಿ ಮಾತ್ರ ಬರುತ್ತಿರಲಿಲ್ಲ. ಏಪ್ರಿಲ್ 15ಕ್ಕೆ ಫಿಲಡೆಲ್ಫಿಯಾದಲ್ಲಿ ಜ್ಬಿಸ್ಕೊ ಅವನಿಗೆ ಸೋಲಬೇಕು ಅಂತ ಮಾತಾಗಿತ್ತು. ಈ ಮೂವರ ಎದುರು ಪಾಳಯದವರು ಒಳಗೊಳಗೇ ಜ್ಬಿಸ್ಕೊನನ್ನು ತಮ್ಮ ಕಡೆ ಮಾಡಿಕೊಂಡಿದ್ದರು. ಗಂಟೆ ಹೊಡೆದದ್ದೇ ತಡ, ಮುದುಕ ನಿಜವಾದ ಕುಸ್ತಿ ಶುರು ಮಾಡಿದ. ನಲವತ್ತು ದಾಟಿದವನು ಆ ದೈತ್ಯನನ್ನು ಮತ್ತೆ ಮತ್ತೆ ಚಿತ್ ಮಾಡಿದ. ಕೊನೆಗೆ ರೆಫರಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಪ್ರಶಸ್ತಿ ಹೋಯಿತು.

ಅವತ್ತಿನಿಂದ ಅಲ್ಲಿನವರಿಗೆ ಒಂದು ಗೊತ್ತಾಯಿತು. ಫಲಿತಾಂಶ ಬರೆದಿಟ್ಟಿದ್ದರೂ ಚಾಂಪಿಯನ್ ಆದವನಿಗೆ ನಿಜವಾದ ಕುಸ್ತಿ ಬರಲೇಬೇಕು, ಇಲ್ಲದಿದ್ದರೆ ಯಾರಾದರೂ ಕಿತ್ತುಕೊಳ್ಳುತ್ತಾರೆ. 1949ರಿಂದ 1956ರವರೆಗೆ ಅಲ್ಲಿನ ದೊಡ್ಡ ಕುಸ್ತಿ ಒಕ್ಕೂಟವಾದ ಎನ್‌ಡಬ್ಲ್ಯೂಎ ಬೆಲ್ಟ್ ಲೂ ಥೆಸ್ ಸೊಂಟದಲ್ಲೇ ಇದ್ದದ್ದಕ್ಕೆ ಇದೂ ಒಂದು ಕಾರಣ. ಅವರನ್ನು ತಿದ್ದಿದವರು ಇದೇ ಸ್ಟ್ರಾಂಗ್ಲರ್ ಲೂಯಿಸ್. 1968ರಲ್ಲಿ ಥೆಸ್ ಬೊಂಬಾಯಿಗೆ ಬಂದು ದಾರಾ ಸಿಂಗ್ ಕೈಯಲ್ಲಿ ಸೋತರು. ನಮ್ಮ ತಂದೆ ಆ ಸುದ್ದಿಯ ಪೇಪರ್ ತುಂಡನ್ನು ಗರಡಿಯ ಹನುಮಂತನ ಫೋಟೋ ಪಕ್ಕದಲ್ಲಿ ಅಂಟಿಸಿದ್ದರು.

ನೋಡಿ, ಗಾಮಾರಿಂದ ಜ್ಬಿಸ್ಕೊ, ಅಲ್ಲಿಂದ ಲೂಯಿಸ್, ಥೆಸ್, ದಾರಾ ಸಿಂಗ್, ಆಸ್ಟಿನ್, ಸೀನ. ನಿಮ್ಮ ಡಬ್ಬಿಯ ಕಾರ್ಡಿಗೂ ನಮ್ಮ ಗರಡಿಗೂ ನಡುವೆ ಇರುವುದು ಇಷ್ಟೇ ಜನ.

ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ ಅಖಾಡದಲ್ಲೂ ಇತ್ತು ತಾಯಿ, ಉರ್ದುವಿನಲ್ಲಿ ಅದಕ್ಕೆ ನೂರಾ ಕುಸ್ತಿ ಅಂತಾರೆ. ಅದು ಕೆಟ್ಟದ್ದು, ಯಾಕೆಂದರೆ ಪಣ ಕಟ್ಟಿದವನಿಗೆ ಮೋಸ. ಆದರೆ ಎಲ್ಲರಿಗೂ ಗೊತ್ತಿದ್ದೂ ಆಡುವುದು ಮೋಸ ಹೇಗಾಗುತ್ತದೆ? ಬಯಲಾಟದಲ್ಲಿ ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ತನಕ ಕೂರುತ್ತೇವೆ.

ಮೂರನೇಸಾಲು (ಬೆಂಗಳೂರು):

ಸರ್, ಈ ಜ್ಬಿಸ್ಕೊ ವಿಷಯ ನನಗೂ ಗೊತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ಅಕ್ಕ, ಎರಡನೇ ಪ್ರಶ್ನೆಗೆ ನನ್ನದೊಂದು ಮಾತು. 1987ರ ಮಾರ್ಚ್ 29, ಡಬ್ಲ್ಯೂಡಬ್ಲ್ಯೂಎಫ್‌ನ ವರ್ಷದ ದೊಡ್ಡ ಹಬ್ಬದಂಥ ಮೂರನೇ ರೆಸಲ್‌ಮೇನಿಯಾ. ಎಲ್ಲರೂ ಹೋಗನ್ ಆಂಡ್ರೆಯನ್ನು ಎತ್ತಿ ಒಗೆದದ್ದನ್ನು ಹೇಳುತ್ತಾರೆ. ನೀವು ಅದೇ ದಿನದ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯ ತೋರಿಸಿ. ಕಾಲು ಗಂಟೆಯೂ ಇಲ್ಲ. ಸ್ಯಾವೇಜ್ ಪ್ರತಿ ಪಟ್ಟನ್ನೂ ಮೊದಲೇ ಬರೆದು, ಸ್ಟೀಮ್‌ಬೋಟ್ ಜೊತೆ ಮತ್ತೆ ಮತ್ತೆ ಒಪ್ಪಿಸಿ ಬಾಯಿಪಾಠ ಮಾಡಿದ್ದರು. ಒಂದು ಹೆಜ್ಜೆ ತಪ್ಪಿದರೂ ಕುತ್ತಿಗೆ ಹೋಗಬಹುದು. ಎದುರಾಳಿ ತನ್ನ ಮೈಯನ್ನು ನಿನ್ನ ಕೈಗೆ ಕೊಟ್ಟಿರುತ್ತಾನೆ, ಅವನನ್ನು ಕ್ಷೇಮವಾಗಿ ಇಳಿಸಬೇಕು, ಆದರೂ ಸಾವಿರಾರು ಜನಕ್ಕೆ ನೋವಾದ ಹಾಗೆ ಕಾಣಬೇಕು. ಇದು ನನಗೆ ಗೆಲ್ಲುವುದಕ್ಕಿಂತ ಕಷ್ಟದ ಕೆಲಸ ಅನ್ನಿಸುತ್ತದೆ.

1997ರ ಬ್ರೆಟ್ ಹಾರ್ಟ್ ಮತ್ತು ಆಸ್ಟಿನ್ ಪಂದ್ಯ ನನ್ನ ಜೀವಕ್ಕೆ ಹತ್ತಿರ. ಬ್ರೆಟ್ ಒಳ್ಳೆಯವನಾಗಿ ಬಂದು ಕೆಟ್ಟವನಾಗಿ ಹೋಗುತ್ತಾನೆ, ಆಸ್ಟಿನ್ ಸೋತರೂ ಜನರ ಮನಸ್ಸು ಗೆಲ್ಲುತ್ತಾನೆ. ಆದರೆ ರಕ್ತ ಜಾಸ್ತಿ ಇದೆ. 12 ವರ್ಷಕ್ಕೆ ಬೇಡ, ಇನ್ನೊಂದೆರಡು ವರ್ಷ ಕಾಯಿರಿ. 1998ರಲ್ಲಿ ಅಂಡರ್‌ಟೇಕರ್ ಮಿಕ್ ಫೋಲಿಯನ್ನು ಪಂಜರದ ಮೇಲಿಂದ ಎಸೆದದ್ದನ್ನಂತೂ ಈಗಲೇ ತೋರಿಸಬೇಡಿ. ಬ್ರೆಟ್ ತಮ್ಮ ಓವನ್ ಹಾರ್ಟ್ ಕಥೆಯನ್ನು ಮಾತ್ರ ಬಾಯಲ್ಲಾದರೂ ಹೇಳಿ. 1999ರ ಮೇ 23, ಕಾನ್ಸಾಸ್ ಸಿಟಿ. ಸಭಾಂಗಣದ ಚಾವಣಿಯಿಂದ ತಂತಿಯಲ್ಲಿ ರಿಂಗಿಗೆ ಇಳಿದು ಬರುವಾಗ ಬಿದ್ದು ತೀರಿಕೊಂಡರು. ಈ ಆಟವನ್ನು ಪ್ರೀತಿಸುವವರು ಅದನ್ನು ಮರೆಯಬಾರದು.

ಕಾಗದದಸುರುಳಿ (ಟೋಕಿಯೊ):

ನಾನು ಹಾಸನದವಳು, ಕೆಲಸ ಟೋಕಿಯೊದಲ್ಲಿ. ನಿಮ್ಮ ಸೊಸೆಗೆ ರಿಯಾ ಇಷ್ಟ ಅಂತ ಓದಿ ಬರೆಯಲೇಬೇಕು ಅನ್ನಿಸಿತು. ಹೆಣ್ಣುಮಕ್ಕಳ ಕುಸ್ತಿಯ ಕಥೆಯನ್ನೂ ಹೇಳಿ ಅವಳಿಗೆ. 1954ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಆ ವರ್ಷ ನಮ್ಮ ಹಮೀದಾ ಬಾನು, ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುತ್ತೇನೆ ಅಂತ ಸವಾಲು ಹಾಕಿ ಗಂಡಸರ ಜೊತೆ ಕಣಕ್ಕಿಳಿದರು. ಬರೋಡದಲ್ಲಿ ಬಾಬಾ ಪೈಲ್ವಾನ್ ಹಮೀದಾ ಮುಂದೆ ಎರಡು ನಿಮಿಷವೂ ನಿಲ್ಲಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಮಿಲ್ಡ್ರೆಡ್ ಬರ್ಕ್ ತನ್ನ ತಂಡದೊಂದಿಗೆ ಜಪಾನಿಗೆ ಬಂದರು. ಇಲ್ಲಿ ಹೆಣ್ಣುಮಕ್ಕಳ ಕುಸ್ತಿ ಚಿಗುರಿದ್ದು ಆಮೇಲೆ. 80ರ ದಶಕದಲ್ಲಿ ಕ್ರಷ್ ಗಲ್ಸ್ ಜೋಡಿಯನ್ನು ನೋಡಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಶಾಲೆಯ ಹುಡುಗಿಯರು. 90ರ ದಶಕದ ಮನಾಮಿ ಟೊಯೊಟಾ ಪಂದ್ಯ ಯಾವುದನ್ನೇ ತೋರಿಸಿ, ಅವಳು ಕಣ್ಣು ಮಿಟುಕಿಸುವುದಿಲ್ಲ.

ನಾನು ಇಲ್ಲಿ ಕುಸ್ತಿ ಪಂದ್ಯ ನಡೆಯುವ ಕೊರಾಕುಯೆನ್ ಹಾಲ್‌ಗೆ ಹೋಗುತ್ತಿರುತ್ತೇನೆ. ಕಟ್ಟಡದ ಐದನೇ ಮಹಡಿ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇನೆ, ಯಾಕೆಂದರೆ ಗೋಡೆ ತುಂಬ ಅಭಿಮಾನಿಗಳು ಬರೆದದ್ದಿದೆ. ಹೆಸರು ಕೂಗಿದಾಗ ಜನ ಬಣ್ಣದ ಕಾಗದದ ಸುರುಳಿಗಳನ್ನು ರಿಂಗಿಗೆ ಎಸೆಯುತ್ತಾರೆ. ನಾನೂ ಮೊದಲ ಸಲ ಎಸೆದೆ. ಸುರುಳಿ ಬಿಚ್ಚಿಕೊಳ್ಳುತ್ತಾ ಹಗ್ಗದ ಮೇಲೆ ಹೋಗಿ ಬಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿ ತಮ್ಮ ಕೈಯಲ್ಲಿದ್ದ ಇನ್ನೊಂದು ಸುರುಳಿಯನ್ನು ನನಗೆ ಕೊಟ್ಟರು.

ತುಂಗಾತೀರ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ! ನಾಲ್ಕು ದಿನ ರಾತ್ರಿ ಊಟ ಆದ ಮೇಲೆ ಕೂತು ನೋಡಿದೆವು. ಸ್ಟೀಮ್‌ಬೋಟ್ ಪಂದ್ಯವನ್ನು ಎರಡು ಸಲ ಹಾಕಿಸಿದಳು. ಎರಡನೇ ಸಲ ಕೆಳಗೆ ಕೂತು, ಬಿದ್ದಾಗಲೆಲ್ಲ ಗದ್ದ ಎಲ್ಲಿದೆ ಅಂತ ನೋಡುತ್ತಿದ್ದಳು. ಲೂ ಥೆಸ್ ಅವರ ಕಪ್ಪು ಬಿಳುಪು ಪಂದ್ಯ ನೋಡುವಾಗ ಮೊದಲು ಆಕಳಿಸಿದಳು, ನಿಧಾನ ಅಂದಳು. ಆಮೇಲೆ ಎದ್ದು ಕೂತು ಒಂದು ಪಟ್ಟನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು. ಈಗ ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಯಾರು ಕಲಿಸಿದರು ಅಂತ ಗೆರೆ ಎಳೆದು ಬರೆಯುತ್ತಿದ್ದಾಳೆ. ಗಾಮಾ ಹೆಸರು ಎಲ್ಲಕ್ಕಿಂತ ಮೇಲೆ, ಹಮೀದಾ ಬಾನು ಪಕ್ಕದಲ್ಲಿ. ರಿಯಾ ಕೆಳಗೆ, ಸುತ್ತ ನಕ್ಷತ್ರ.

ಗರಡಿಮನೆ ಸರ್, ಅವಳದೊಂದು ಪ್ರಶ್ನೆ ಇದೆ. ದಸರಾ ಕುಸ್ತಿಗೆ ಹೆಣ್ಣುಮಕ್ಕಳು ಹೋಗಿ ಕೂರಬಹುದಾ?

ಗರಡಿಮನೆ:

ಧಾರಾಳವಾಗಿ ಬನ್ನಿ. ಹೆಣ್ಣುಮಕ್ಕಳ ಜೋಡಿಗಳೂ ಇರುತ್ತವೆ. ದೊಡ್ಡಕೆರೆ ಮೈದಾನದ ಹತ್ತಿರ ಬಂದು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಬೇಗ ಬನ್ನಿ, ಕಣಕ್ಕೆ ಹತ್ತಿರದ ಜಾಗ ಬೇಗ ತುಂಬಿಬಿಡುತ್ತದೆ. ಮಗು ಆ ನೋಟ್‌ಬುಕ್ ತರಲಿ. ನಮ್ಮ ಉಸ್ತಾದರಿಗೆ ಯಾರು ಕಲಿಸಿದರು ಅಂತ ನಾನೂ ಒಂದು ಗೆರೆ ಬರೆದುಕೊಡಬೇಕು.